ಬೆಂಕಿಯಿಲ್ಲದ ಒಲೆಯೂ ನನ್ನ ಬೆಳಗಿನ ಚಹಾವೂ

ಹೆಮ್ಮೆ ಪಡುವುದಕ್ಕೆ ಕೆಲವರಿಗೆ ಮಕ್ಕಳು ರ್‍ಯಾಂಕು ಬರಬೇಕು, ಕೆಲವರಿಗೆ ಮೈತುಂಬ ಬಂಗಾರ ಬೇಕು. ನನಗೆ ಅಷ್ಟೆಲ್ಲ ಬೇಡ. ನಾನು ಆರಿಸಿ ತಂದ ವಸ್ತುವನ್ನು ನೋಡಿ ಯಾರಾದರೂ ‘ಚಲೋ ಇದೆ’ ಅಂದರೆ ಸಾಕು, ಆ ದಿನವಿಡೀ ನನ್ನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಯಾರು ಏನು ಕೊಳ್ಳುವುದಿದ್ದರೂ ಮೊದಲು ನನ್ನನ್ನು ಕೇಳುತ್ತಾರೆ. ಕೇಳದಿದ್ದರೂ ನಾನೇ ಹೇಳುತ್ತೇನೆ. ಹೆಡ್ಮಾಸ್ತರರ ಕನ್ನಡಕದ ಫ್ರೇಮು ನನ್ನ ಆಯ್ಕೆ, ಹಿಂದಿ ಅಕ್ಕೋರ ಮಗಳ ಮದುವೆಯ ಸೀರೆ ನನ್ನ ಆಯ್ಕೆ. ನಮ್ಮವರನ್ನು ಮಾತ್ರ ನಾನು ಆರಿಸಿದ್ದಲ್ಲ, ಅಪ್ಪ ಆರಿಸಿದ್ದು. ಈ ಮಾತನ್ನು ಆಗಾಗ ಮನೆಯಲ್ಲಿ ಹೇಳುತ್ತಿರುತ್ತೇನೆ. ಅವರು ಪೇಪರಿನಿಂದ ಮುಖ ತೆಗೆಯದೆ ನಗುತ್ತಾರೆ. ಇಷ್ಟೆಲ್ಲ ಪೀಠಿಕೆ ಹಾಕಿದ್ದು ಯಾಕೆಂದರೆ, ನಮ್ಮ ಕೇರಿಗೇ ಮೊದಲನೆಯದಾದ ಇಂಡಕ್ಷನ್ ಒಲೆಯನ್ನು ಆರಿಸಿ ತಂದವಳು ನಾನು. ಅದರ ಕಥೆಯನ್ನು ನಾನೇ ಹೇಳದಿದ್ದರೆ ಬೇರೆ ಯಾರಾದರೂ ತಪ್ಪಾಗಿ ಹೇಳಿಬಿಡುತ್ತಾರೆ.

ಯಲ್ಲಾಪುರದ ಕಡೆಯ ನಂದೊಳ್ಳಿ ನನ್ನ ತವರು. ಅಲ್ಲಿ ನಾವು ಕಣ್ಣು ಬಿಡುವಷ್ಟರಲ್ಲಿ ಅಪ್ಪನೇ ಚಹಾ ಕಾಸಿ ಲೋಟ ಮುಂದಿಡುತ್ತಿದ್ದರು. ಹಲ್ಲುಜ್ಜಿದಿರಾ ಎಂದು ಕೇಳುವವರಿದ್ದರೇ ಹೊರತು ಮಿಂದಿರಾ ಎಂದು ಕೇಳುವವರು ಯಾರೂ ಇರಲಿಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ ಮದುವೆಯಾಗಿ ಸಿದ್ದಾಪುರದ ಹತ್ತಿರದ ಕೋಲಸಿರ್ಸಿಗೆ ಬಂದೆ. ಬಂದ ಮರುದಿನ ಬೆಳಿಗ್ಗೆ ಉತ್ಸಾಹದಿಂದ ಎದ್ದು ಚಹಾಕ್ಕೆ ನೀರಿಡಲು ಒಳಗೆ ಹೋದರೆ, ಅತ್ತೆ ಬಾಗಿಲಲ್ಲೇ ಕೈ ಅಡ್ಡ ಹಿಡಿದರು. “ಮಿಂದ್ಯನೇ?” ಇಲ್ಲ ಎಂದೆ. “ನಮ್ಮನೇಲಿ ಮೀಯದ್ದೇ ಒಲೆ ಮುಟ್ತ್ವಿಲ್ಲೆ,” ಎಂದರು. ಸಿಟ್ಟಿನಿಂದೇನೂ ಅಲ್ಲ, ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳುವಷ್ಟು ಸಹಜವಾಗಿ ಹೇಳಿದರು.

ಅಲ್ಲಿಂದ ನನ್ನ ಕಷ್ಟ ಶುರುವಾಯಿತು. ಬೆಳಗಿನ ಚಹಾ ಇಲ್ಲದಿದ್ದರೆ ನಾನು ಮನುಷ್ಯಳಲ್ಲ. ಯಾರ ಮಾತೂ ಕಿವಿಗೆ ಹೋಗುವುದಿಲ್ಲ, ಹೋದದ್ದೆಲ್ಲ ಸಿಟ್ಟಾಗಿ ಹೊರಗೆ ಬರುತ್ತದೆ. ಮೀಯೋಣವೆಂದರೆ ಬಚ್ಚಲೊಂದೇ. ಮೊದಲು ಅತ್ತೆ, ಆಮೇಲೆ ನಮ್ಮವರು. ನಮ್ಮವರು ಒಳಗೆ ಹೋದರೆಂದರೆ ಮುಗಿಯಿತು. ಸಹಕಾರಿ ಸೊಸೈಟಿಯ ಕೆಲಸದಲ್ಲಿ ಇಡೀ ದಿನ ಬಾಯಿಬಿಡದ ಮನುಷ್ಯ ಬಚ್ಚಲಲ್ಲಿ ಇದ್ದಬದ್ದ ಸ್ತೋತ್ರವೆಲ್ಲ ಹೇಳುತ್ತಾರೆ, ಮರೆತಲ್ಲಿ ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ. ನನ್ನ ಸರದಿ ಬಂದು, ಮಿಂದು, ಒಲೆ ಹೊತ್ತಿಸುವ ಹೊತ್ತಿಗೆ ಸಿದ್ದಾಪುರದ ಬಸ್ಸು ಕೆರೆಯ ತಿರುವಿನಲ್ಲಿ ಹಾರ್ನ್ ಹೊಡೆಯುತ್ತಿತ್ತು. ಬಾಯಿ ಸುಟ್ಟುಕೊಂಡು ಅರ್ಧ ಲೋಟ ಕುಡಿದು ಶಾಲೆಗೆ ಓಡುತ್ತಿದ್ದೆ. ಬಚ್ಚಲ ಒಲೆಯನ್ನು ಮೀಯದೆಯೂ ಮುಟ್ಟಬಹುದು, ಇಲ್ಲದಿದ್ದರೆ ಮೀಯಲು ನೀರು ಕಾಯುವುದು ಹೇಗೆ? ಹಾಗಾಗಿ ಒಂದು ದಿನ ಬಚ್ಚಲ ಒಲೆಯ ಕೆಂಡದ ಮೇಲೇ ಚಹಾ ಪಾತ್ರೆ ಇಡುವ ಯೋಚನೆಯೂ ಬಂದಿತ್ತು. ನಂದೊಳ್ಳಿಯ ಮರ್ಯಾದೆ ನೆನಪಾಗಿ ಬಿಟ್ಟೆ.

ಮನೆಗೆ ಹೊಸ ವಸ್ತು ಯಾವುದು ಬಂದರೂ ಅದರ ಜಾತಕ ನೋಡಿ ತೀರ್ಪು ಕೊಡುವವರು ಅತ್ತೆ. ಮಿಕ್ಸರ್ ಬಂದಾಗ ಸುತ್ತಲೂ ನೋಡಿ, ಅರೆಯುವ ಕೆಲಸಕ್ಕೆ ಅಡ್ಡಿಯಿಲ್ಲ ಎಂದು ಒಳಗೆ ಬಿಟ್ಟುಕೊಂಡರು. ಫ್ರಿಜ್ಜನ್ನು ಯಾರು ಬೇಕಾದರೂ ಮುಟ್ಟುತ್ತಾರೆಂದು ಊಟದ ಕೋಣೆಯ ಮೂಲೆಗೆ ನಿಲ್ಲಿಸಿದರು. ವರ್ಷಗಟ್ಟಲೆ ಕಾದ ಮೇಲೆ ಗ್ಯಾಸು ಬಂದಾಗ ನನಗೆ ಭಾರೀ ಆಸೆ ಹುಟ್ಟಿತ್ತು. ಬೂದಿಯಿಲ್ಲ, ಸೌದೆಯಿಲ್ಲ, ಸಾರಿಸುವುದಿಲ್ಲ, ಇದನ್ನಾದರೂ ಮೀಯದೆ ಮುಟ್ಟಬಹುದಲ್ಲವೇ ಎಂದು ಮೆತ್ತಗೆ ಕೇಳಿದೆ. ಅತ್ತೆ ಬಗ್ಗಿ ನೀಲಿ ಜ್ವಾಲೆಯನ್ನು ನೋಡಿದರು. “ಬೆಂಕಿ ಕಾಣ್ತು. ಬೆಂಕಿ ಇದ್ದ ಮೇಲೆ ಅದು ಒಲೆಯೇಯ,” ಎಂದರು. ಅಲ್ಲಿಗೆ ಅರ್ಜಿ ವಜಾ.

ಹೀಗಿರುವಾಗ, ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾದ ಮೇಲೆ, ಶಿರಸಿಯ ಪಾತ್ರೆ ಅಂಗಡಿಯೊಂದರಲ್ಲಿ ಆ ವಸ್ತುವನ್ನು ಕಂಡೆ. ಕಪ್ಪಗೆ, ನುಣ್ಣಗೆ, ಮಣೆಯಷ್ಟು ದೊಡ್ಡದು. ಅಂಗಡಿಯ ಸಾಹೇಬರು ಅದರ ಮೇಲೆ ಒಂದು ಪೇಪರು ಹಾಸಿ, ಪೇಪರಿನ ಮೇಲೆ ನೀರಿನ ಪಾತ್ರೆ ಇಟ್ಟು ಗುಂಡಿ ಒತ್ತಿದರು. ನೀರು ಕೊತಕೊತ ಕುದಿಯಿತು, ಪೇಪರು ಹಾಗೇ ಇತ್ತು. “ನೋಡ್ರಿ ಅಕ್ಕೋರೇ, ಬೆಂಕಿನೇ ಇಲ್ಲ!” ಎಂದರು. ನಾನು ವಿಜ್ಞಾನ ಕಲಿಸುವವಳು, ಅದರ ಒಳಗುಟ್ಟು ಓದಿ ಗೊತ್ತಿತ್ತು. ಆದರೆ ಆ ಕ್ಷಣದಲ್ಲಿ ನನಗೆ ಕಂಡದ್ದು ವಿಜ್ಞಾನವಲ್ಲ, ಮೀಯುವ ಮೊದಲಿನ ಒಂದು ಲೋಟ ಚಹಾ. ಸಾಹೇಬರು ಇನ್ನೊಂದು ಮಾತೂ ಹೇಳಿದರು: ಎಲ್ಲ ಪಾತ್ರೆಯೂ ಇದಕ್ಕೆ ಆಗುವುದಿಲ್ಲ, ತಳ ಸಪಾಟಾಗಿರಬೇಕು, ಅಯಸ್ಕಾಂತ ಅಂಟಬೇಕು.

ಅಷ್ಟು ಸಾಕಿತ್ತು. ಮರುದಿನ ಶಾಲೆಯ ಲ್ಯಾಬಿನಿಂದ ಅಯಸ್ಕಾಂತ ತಂದು ನಮ್ಮ ಅಡುಗೆಮನೆಯ ಪಾತ್ರೆಗಳನ್ನೆಲ್ಲ ಸಾಲಾಗಿ ಬೋರಲು ಹಾಕಿ ಪರೀಕ್ಷೆಗೆ ಕುಳಿತೆ. ಹಿತ್ತಾಳೆ ಚರಿಗೆ ಫೇಲು. ತಾಮ್ರದ ತಪ್ಪಲೆ ಫೇಲು. ಅಲ್ಯುಮಿನಿಯಂ ಪಾತ್ರೆ ಫೇಲು. ಹುಳಿ ಕುದಿಸುವ ಕಲ್ಲಿನ ಮರಿಗೆಯ ವಿಷಯ ಕೇಳುವುದೇ ಬೇಡ. ಅಯಸ್ಕಾಂತ ಪ್ರೀತಿಯಿಂದ ಹೋಗಿ ಅಪ್ಪಿಕೊಂಡದ್ದು ದೋಸೆ ಕಾವಲಿಯನ್ನು ಮತ್ತು ತರಕಾರಿ ಹೆಚ್ಚುವ ಮೆಟ್ಟುಗತ್ತಿಯನ್ನು ಮಾತ್ರ. ಮೆಟ್ಟುಗತ್ತಿಯಲ್ಲಿ ಚಹಾ ಕಾಸಲು ಬರುವುದಿಲ್ಲವಲ್ಲ! ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು, “ಎಂತನೇ ಅದು? ಪಾತ್ರೆಗೆಲ್ಲ ದೃಷ್ಟಿ ತೆಗಿತಾ ಇದ್ಯ?” ಎಂದು ಕೇಳಿದರು. ಹೌದತ್ತೆ ಎಂದುಬಿಟ್ಟೆ. ಮುಂದಿನ ಭಾನುವಾರ ಅದೇ ಅಯಸ್ಕಾಂತ ಹಿಡಿದು ಶಿರಸಿಗೆ ಹೋಗಿ, ಅಂಗಡಿಯ ಸ್ಟೀಲು ಪಾತ್ರೆಗಳ ತಳವನ್ನೆಲ್ಲ ಮುಟ್ಟಿಸಿ ನೋಡತೊಡಗಿದೆ. ಪಕ್ಕದಲ್ಲಿದ್ದ ಹೆಂಗಸೊಬ್ಬಳು ತನ್ನ ಕಾಲುಂಗುರ ಬಿಚ್ಚಿ, “ಇದು ಬೆಳ್ಳಿ ಹೌದೋ ಅಲ್ಲೋ ನೋಡ್ರಿ ಅಕ್ಕಾರೆ,” ಎಂದು ಕೊಟ್ಟಳು. ಅದನ್ನೂ ನೋಡಿಕೊಟ್ಟೆ. ಆಯ್ಕೆಯ ವಿಷಯದಲ್ಲಿ ನಾನು ಯಾರಿಗೂ ಇಲ್ಲ ಎನ್ನುವವಳಲ್ಲ. ಸಂಜೆ ಒಲೆ, ಅದಕ್ಕೊಪ್ಪುವ ಪಾತ್ರೆ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ, ಪಕ್ಕದವರು ಕೇಳಲಿ ಎಂದು ಕಾದೆ. ಕೇಳಿದರು. ನಮ್ಮೂರು ಬರುವವರೆಗೂ ವಿವರಿಸಿದೆ.

ಮನೆಯಲ್ಲಿ ಅದನ್ನು ಒಲೆ ಎಂದು ಕರೆಯದಂತೆ ನಮ್ಮವರಿಗೆ ಮೊದಲೇ ತಾಕೀತು ಮಾಡಿದ್ದೆ. ಊಟದ ಕೋಣೆಯ ಮೇಜಿನ ಮೇಲಿಟ್ಟು, ಸಾಹೇಬರು ಮಾಡಿದಂತೆಯೇ ಪೇಪರು ಹಾಸಿ ನೀರು ಕುದಿಸಿದೆ. ಅತ್ತೆ ಮೇಜಿನ ಸುತ್ತ ಒಂದು ಪ್ರದಕ್ಷಿಣೆ ಬಂದರು. ಬಗ್ಗಿ ಅಡಿಯಲ್ಲಿ ನೋಡಿದರು. ಪಾತ್ರೆಯ ಪಕ್ಕದಲ್ಲಿ ಮೆಲ್ಲಗೆ ಬೆರಳಿಟ್ಟು ನೋಡಿದರು. “ಸುಡ್ತೇ ಇಲ್ಲೆ! ಬೆಂಕಿ ಎಲ್ಲಿದ್ದೇ ಇದ್ರಲ್ಲಿ?” ಎಂದರು. “ಬೆಂಕಿ ಇಲ್ಲೆ ಅತ್ತೆ. ಪಾತ್ರೆ ತನ್ನಷ್ಟಕ್ಕೇ ಬಿಸಿಯಾಗ್ತು. ನಿಂಗಳೇ ನೋಡಿ, ಪೇಪರೂ ಸುಟ್ಟಿದ್ದಿಲ್ಲೆ,” ಎಂದೆ. ಅತ್ತೆ ಪೇಪರನ್ನು ಎತ್ತಿ, ಎರಡೂ ಬದಿ ತಿರುಗಿಸಿ ನೋಡಿ, ಮಡಚಿ ಪಕ್ಕಕ್ಕಿಟ್ಟರು. “ಬೆಂಕಿ ಇಲ್ಲೆ ಅಂದ್ಮೇಲೆ ಇದು ಒಲೆ ಅಲ್ಲ. ಫ್ರಿಜ್ಜು ಇದ್ದಾಂಗೆ ಇದೂ ಇರ್ಲಿ,” ಎಂದು ತೀರ್ಪು ಕೊಟ್ಟರು. ಮರುದಿನ ಬೆಳಿಗ್ಗೆ ಕೆದರಿದ ತಲೆಯಲ್ಲಿ, ಬಾಯಿ ಮಾತ್ರ ತೊಳೆದು, ಮೇಜಿನ ಮುಂದೆ ನಿಂತು ಗುಂಡಿ ಒತ್ತಿದೆ. ಆಹಾ, ಅದರ ‘ಕುಂಯ್’ ಎಂಬ ಸದ್ದೇ! ಬಚ್ಚಲಿನಿಂದ ನಮ್ಮವರ ಸ್ತೋತ್ರ ಬರುತ್ತಿತ್ತು, ನನ್ನ ಕೈಯಲ್ಲಿ ಹಬೆಯಾಡುವ ಲೋಟವಿತ್ತು. ಅವರು ಮರೆತು ಮತ್ತೆ ಮೊದಲಿನಿಂದ ಶುರುಮಾಡಿದಾಗ ಮೊದಲ ಸಲ ಖುಷಿಯಾಯಿತು.

ಹೀಗೆ ಸುಖವಾಗಿ ನಡೆದಿತ್ತು. ಕೆಟ್ಟದ್ದು ಒಂದು ಸೋಮವಾರ. ಅತ್ತೆಗೆ ಸೋಮವಾರ ಒಪ್ಪತ್ತು, ಅಂದರೆ ಅನ್ನದ ಊಟ ಮಧ್ಯಾಹ್ನ ಮಾತ್ರ. ರಾತ್ರಿ ಅನ್ನ ಮುಟ್ಟುವ ಹಾಗಿಲ್ಲ, ಅವಲಕ್ಕಿಯೋ ಹಣ್ಣೋ ತಿನ್ನಬೇಕು. ಮಜ್ಜಿಗೆ ಅನ್ನ, ಅಪ್ಪೆಮಿಡಿ ಉಪ್ಪಿನಕಾಯಿ ಎಂದರೆ ಜೀವ ಬಿಡುವ ಅತ್ತೆ ಆ ರಾತ್ರಿಗಳಲ್ಲಿ ಅವಲಕ್ಕಿಯನ್ನು ಅಗಿಯುತ್ತ ಕೂರುವ ಮುಖವನ್ನು ನೋಡಲಾಗುತ್ತಿರಲಿಲ್ಲ. ಈಚೆಗೆ ಹಲ್ಲೂ ಅಲುಗಾಡತೊಡಗಿತ್ತು. ಆ ದಿನ ಸಂಜೆ ಗ್ಯಾಸು ಮುಗಿದದ್ದರಿಂದ, ನಮಗಿಬ್ಬರಿಗೆ ಬೇಕಾದ ಅನ್ನವನ್ನು ಮೇಜಿನ ಮೇಲೆಯೇ ಮಾಡಿದೆ. ಮುಚ್ಚಳ ತೆಗೆದಾಗ ಬಂದ ಹಬೆ ನೇರವಾಗಿ ಅತ್ತೆಯ ಕಡೆ ಹೋಯಿತು. ಅವರು ಅವಲಕ್ಕಿ ಬಟ್ಟಲನ್ನು ಕೆಳಗಿಟ್ಟರು.

“ಕೂಸೇ, ಇದ್ರಲ್ಲಿ ಬೆಂಕಿ ಇಲ್ಲೆ ಹೇಳಿ ನೀನೇ ಅಲ್ದನೇ ಹೇಳಿದ್ದು?”

“ಹೌದು ಅತ್ತೆ.”

“ಬೆಂಕಿಯೇ ಕಾಣದ್ದೆ ಅಕ್ಕಿ ಬೇಯ್ತನೇ?”

ನಾನು ಬಾಯಿ ತೆರೆದೆ. ಬೇಯುವುದಕ್ಕೆ ಬೇಕಾದದ್ದು ಶಾಖ, ಬೆಂಕಿಯಲ್ಲ ಎಂದು ಎಂಟನೆಯ ಇಯತ್ತೆಯ ಮಕ್ಕಳಿಗೆ ಪ್ರತಿ ವರ್ಷ ಹೇಳುವವಳು ನಾನೇ. ಆದರೆ ಅದನ್ನು ಹೇಳಿದರೆ ಇದು ಅನ್ನ ಬೇಯಿಸುವ ವಸ್ತುವಾಯಿತು, ಅನ್ನ ಬೇಯಿಸುವುದು ಒಲೆಯಾಯಿತು, ಒಲೆಯಾದರೆ ನಾಳೆ ಬೆಳಿಗ್ಗೆ ನನ್ನ ಚಹಾದ ಗತಿ? ತೆರೆದ ಬಾಯಿಯನ್ನು ಮುಚ್ಚಿದೆ. “ಹಂಗಾರೆ ಇದು ಬೆಂದಿದ್ದಲ್ಲ, ಬಿಸಿಯಾದ ಅಕ್ಕಿ ಅಷ್ಟೇಯ. ಒಪ್ಪತ್ತಿಗೆ ಅಡ್ಡಿಲ್ಲೆ. ಒಂದು ಸೌಟು ಹಾಕು,” ಎಂದರು ಅತ್ತೆ. ಹಾಕಿದೆ. ಮಜ್ಜಿಗೆ ಬಡಿಸಿದೆ. ಅಪ್ಪೆಮಿಡಿ ಇಟ್ಟೆ. ಅವರು ಕಣ್ಣು ಮುಚ್ಚಿ ಮೊದಲ ತುತ್ತು ನುಂಗಿದ್ದನ್ನು ನೋಡಿ, ಸುಳ್ಳೇಕೆ, ನನಗೂ ಸಂತೋಷವೇ ಆಯಿತು. ನಮ್ಮವರು ಮಾತ್ರ ನನ್ನನ್ನು ನೋಡಿ, “ವಿಜ್ಞಾನದ ಟೀಚರ್ ಅಡ,” ಎಂದು ಮೆಲ್ಲಗೆ ಅಣಕಿಸಿ ಇನ್ನೂ ಸ್ವಲ್ಪ ಅನ್ನ ಬಡಿಸಿಕೊಂಡರು.

ಸುದ್ದಿ ಎಷ್ಟು ದಿನ ಗುಟ್ಟಾಗಿ ಉಳಿದೀತು? ಮೇಲಿನಮನೆಯ ಸೀತಕ್ಕನಿಗೂ ಸೋಮವಾರ ಒಪ್ಪತ್ತು. ಅತ್ತೆ ಅವರನ್ನು ಒಂದು ಸಂಜೆ ಕರೆದೇಬಿಟ್ಟರು. ಸೀತಕ್ಕ ಎಂದರೆ ಮಡಿಯಲ್ಲಿ ಅತ್ತೆಗಿಂತ ಒಂದು ಕೈ ಮೇಲು. ಬೇರೆಯವರ ಮನೆಯ ನೀರನ್ನೂ ಯೋಚನೆ ಮಾಡಿ ಕುಡಿಯುವವರು. ಅವರು ಆ ವಸ್ತುವನ್ನು ನೋಡಿದರು, ಪೇಪರಿನ ಪರೀಕ್ಷೆ ನೋಡಿದರು, ಕೊನೆಗೆ ಒಪ್ಪಿ ಬಾಳೆಲೆಯ ಮುಂದೆ ಕುಳಿತರು. ಎರಡನೆಯ ಸಲ ಮಜ್ಜಿಗೆ ಹಾಕಿಸಿಕೊಳ್ಳುವಾಗ, “ಎಲ್ಲಿಂದ ತಂದ್ರೇ ಮಾರಾಯ್ತಿ ಇಂಥದ್ದನ್ನ?” ಎಂದು ಕೇಳಿದರು. ಆಗ ಅತ್ತೆ ಒಂದು ಮಾತು ಹೇಳಿದರು. “ಎಂಗ್ಳ ಮನೆ ಕೂಸು ಆರ್ಸಿ ತಂದಿದ್ದು. ಇಡೀ ಶಿರಸಿ ಸುತ್ತಿ, ಒಂದೊಂದೇ ಪಾತ್ರೆ ನೋಡಿ ತಂದಿದ್ದು. ಅದು ಆರ್ಸಿದ್ದು ಅಂದ್ರೆ ಮತ್ತೆ ನೋಡೋದೇ ಬೇಡ.”

ಮದುವೆಯಾಗಿ ಬಂದಂದಿನಿಂದ ಅತ್ತೆ ನನ್ನನ್ನು ಬೈದವರಲ್ಲ, ಹೊಗಳಿದವರೂ ಅಲ್ಲ. ಎಂಗ್ಳ ಮನೆ ಕೂಸು! ಸೊಸೆ ಎನ್ನಲಿಲ್ಲ, ನಮ್ಮ ಮನೆಯ ಮಗು ಎಂದರು. ಅನ್ನದ ಪಾತ್ರೆ ಹಿಡಿದುಕೊಂಡು ಅಲ್ಲೇ ನಿಂತೆ. ಆ ಕ್ಷಣದಲ್ಲಿ ಯಾರು ಏನು ಕೇಳಿದ್ದರೂ ಬರೆದುಕೊಡುವವಳಿದ್ದೆ. ಕೇಳಿದವರು ಸೀತಕ್ಕ. ಕೈತೊಳೆಯಲು ಏಳುತ್ತ, ಏನೋ ನೆನಪಾದವರಂತೆ ತಿರುಗಿ, “ಅಲ್ದೇ, ಒಪ್ಪತ್ತಿಗೇ ಆಗ್ತು ಅನ್ನುವಷ್ಟು ಶುದ್ಧದ್ದು. ಇದ್ನ ನಿಮ್ಮನೇಲಿ ಮೀಯದ್ದೇ ಮುಟ್ತ್ರಾ ಎಂತ?” ಎಂದರು.

ಅತ್ತೆ ನನ್ನ ಮುಖ ನೋಡಿದರು. ದಿನಾ ಬೆಳಿಗ್ಗೆ ಕೆದರಿದ ತಲೆಯಲ್ಲಿ ಅದರ ಮುಂದೆ ನಿಲ್ಲುವ ನನ್ನನ್ನು ಅವರು ನೋಡದ ದಿನವಿಲ್ಲ. ಆದರೂ ಬೆನ್ನು ನೆಟ್ಟಗೆ ಮಾಡಿ, “ಛೆ ಛೆ, ನಮ್ಮ ಕೂಸು ಹಂಗೆಲ್ಲ ಮಾಡದಲ್ಲ. ಮಿಂದೇ ಮುಟ್ಟೋದು,” ಎಂದುಬಿಟ್ಟರು. ಇಬ್ಬರೂ ನನ್ನ ಕಡೆ ನೋಡುತ್ತಿದ್ದರು. ನನ್ನ ತಲೆಯೊಳಗೆ ಚಹಾ ಒಂದು ಕಡೆ, ಹೊಗಳಿಕೆ ಇನ್ನೊಂದು ಕಡೆ ನಿಂತು ಜಗ್ಗಾಡಿದವು. ಹೆಚ್ಚು ಹೊತ್ತೇನೂ ಜಗ್ಗಾಡಲಿಲ್ಲ. “ಹೌದು ಸೀತಕ್ಕಾ, ಮಿಂದೇ ಮುಟ್ಟೋದು,” ಎಂದೆ, ತಲೆ ಎತ್ತಿಕೊಂಡೇ ಎಂದೆ.

ಮರುದಿನ ಬೆಳಿಗ್ಗೆ ಎದ್ದು ಬಂದರೆ, ಅತ್ತೆ ಆಗಲೇ ಮಿಂದು, ಅದನ್ನು ಮೇಜಿನಿಂದೆತ್ತಿ ದೇವರ ಕೋಣೆಯ ಬಾಗಿಲ ಪಕ್ಕದ ಕಟ್ಟೆಯ ಮೇಲಿಟ್ಟು, ಒಗೆದ ಪಂಚೆ ಹೊದೆಸಿದ್ದರು. ನಾನು ಟವೆಲು ಹೆಗಲ ಮೇಲೆ ಹಾಕಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತೆ. ಒಳಗಿನ ಸ್ತೋತ್ರ ಅರ್ಧಕ್ಕೆ ಬಂದು ನಿಂತಿತು, ಮತ್ತೆ ಮೊದಲಿನಿಂದ ಶುರುವಾಯಿತು. ದೂರದಲ್ಲೆಲ್ಲೋ ಬಸ್ಸಿನ ಹಾರ್ನೂ ಕೇಳಿದ ಹಾಗಾಯಿತು. ಕೊನೆಗೂ ನಮ್ಮವರು ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದು, ನನ್ನನ್ನೂ ಪಂಚೆ ಹೊದ್ದ ಆ ವಸ್ತುವನ್ನೂ ನೋಡಿ, ನಗು ತಡೆದುಕೊಳ್ಳುತ್ತ, “ಎಂತೇ ಹೇಳು, ಒಳ್ಳೇ ಒಲೆ ಆರ್ಸಿ ತಂದೆ,” ಎಂದರು.

“ಅದು ಒಲೆ ಅಲ್ಲ,” ಎಂದು ಗದರಿ, ಮೀಯಲು ಒಳಗೆ ಹೋದೆ.