ಹೆಬ್ಬಾತಿನ ಬೇಟೆಗೆ ನಾನು ತೀರ್ಪುಗಾರನಾದದ್ದು

ಯಾರಾದರೂ ನನ್ನ ಅಭಿಪ್ರಾಯ ಕೇಳಿದರೆ ಇಲ್ಲ ಎನ್ನುವ ಅಭ್ಯಾಸ ನನಗಿಲ್ಲ. ವಿಷಯ ಗೊತ್ತಿಲ್ಲ ಎಂಬುದು ಅದಕ್ಕೆ ಎಂದೂ ಅಡ್ಡಿಯಾಗಿಲ್ಲ. ಸಾಫ್ಟ್‌ವೇರ್ ಕೆಲಸದಲ್ಲಿ ಹದಿನೈದು ವರ್ಷ ಹೀಗೆಯೇ ಮರ್ಯಾದೆಯಿಂದ ಬದುಕಿದ್ದೇನೆ. ಆದ್ದರಿಂದ ಪಕ್ಕದ ಮನೆಯ ಹೆಂಕ್, "ನೀನೇ ಹೇಳು, ಕಾಡು ಹೆಬ್ಬಾತಿನ ಬೇಟೆಯಿಂದ ಏನಾದರೂ ಪ್ರಯೋಜನ ಇದೆಯೋ ಇಲ್ಲವೋ?" ಎಂದು ಕೇಳಿದಾಗ ನಾನು ಗಂಟಲು ಸರಿಮಾಡಿಕೊಂಡೆ.

ಅದು ಕೊರೊನಾ ಬಂದ ಮೊದಲ ವರ್ಷದ ನವೆಂಬರ್ ಕೊನೆ. ನಾವಿರುವ ಡಚ್ಚರ ಊರು ಆಮರ್ಸ್‌ಫೋರ್ಟಿನಲ್ಲಿ ಕೆಫೆಗಳೆಲ್ಲ ಬಾಗಿಲು ಹಾಕಿದ್ದವು. ಅಂಚೆ ಹಂಚುವ ಕೆಲಸದಿಂದ ನಿವೃತ್ತರಾದ ಹೆಂಕ್ ಮತ್ತು ಅವರ ಗೆಳೆಯ ಥಿಯೋ ಮೂವತ್ತು ವರ್ಷದಿಂದ ಒಟ್ಟಿಗೆ ಬೇಟೆಗೆ ಹೋಗುತ್ತಿದ್ದರು. ಮೂವತ್ತು ವರ್ಷದಿಂದ ಕೆಫೆಯಲ್ಲಿ ಕೂತು ಒಂದೇ ವಿಷಯಕ್ಕೆ ಜಗಳವಾಡುತ್ತಿದ್ದರು. ಕೆಫೆ ಮುಚ್ಚಿದ ಮೇಲೆ ಜಗಳ ನಮ್ಮ ಗೇಟಿನ ಎದುರಿಗೆ ಬಂತು. ಮಡಚುವ ಕುರ್ಚಿ ಎರಡು, ನಡುವೆ ಒಂದೂವರೆ ಮೀಟರ್.

"ಹೆಬ್ಬಾತು ಮೊಲದ ಹಾಗಲ್ಲ," ಎನ್ನುವರು ಹೆಂಕ್. "ಗುಂಪೆಲ್ಲ ಮೇಯುವಾಗ ಒಂದಾದರೂ ತಲೆಯೆತ್ತಿ ಕಾವಲು ನಿಂತಿರುತ್ತದೆ. ಆ ಒಂದನ್ನು ಏಮಾರಿಸುವುದೇ ನಿಜವಾದ ಬೇಟೆ."

"ಅದು ಬೇಟೆಯಲ್ಲ, ರೈತನ ಹುಲ್ಲು ಕಾಯುವ ಕೂಲಿ," ಎನ್ನುವರು ಥಿಯೋ. "ನಾಲ್ಕು ಗಂಟೆ ಕಾಲುವೆಯ ಬದಿಯಲ್ಲಿ ಒದ್ದೆಯಾಗಿ ಬಿದ್ದಿರಬೇಕು. ಎರಡು ಗಂಟೆ ಪುಕ್ಕ ಕೀಳಬೇಕು. ಆಮೇಲೆ ಬೂಟಿನ ಅಟ್ಟೆ ಅಗಿಯಬೇಕು."

ನಾನು ಇಬ್ಬರನ್ನೂ ನೋಡಿ, "ನನ್ನ ಅಜ್ಜ ಊರಿನಲ್ಲಿ ದೊಡ್ಡ ಬೇಟೆಗಾರರು. ಆದರೆ ಕಣ್ಣಾರೆ ನೋಡದೆ ತೀರ್ಪು ಕೊಡುವ ಜಾಯಮಾನ ನಮ್ಮದಲ್ಲ," ಎಂದೆ. ಶನಿವಾರ ಬೆಳಿಗ್ಗೆ ಬಾ ಎಂದುಬಿಟ್ಟರು.

ಒಳಗೆ ಬಂದಾಗ ಹೆಂಡತಿ ವಿನಯಾ ಕಾಯುತ್ತಿದ್ದಳು. ಕಿಟಕಿ ತೆರೆದಿತ್ತು.

"ಎಂತ ಮಾರಾಯ್ರೆ, ನಿಮ್ಮ ಅಜ್ಜ ಬೇಟೆಗಾರರಾ? ಅವರು ಕೋವಿ ಹೊಡೆದದ್ದು ಒಂದೇ ಸಲ ಅಂತ ನೀವೇ ಹೇಳಿದ್ದಲ್ವಾ? ಅದೂ ಆಚೆ ಮನೆಯವರ ಹಂಡೆಗೆ."

"ಗುರಿ ಹಂದಿಗೇ ಇತ್ತು," ಎಂದೆ.

ಅತ್ತೆ ಸೋಫಾದಲ್ಲಿ ಕೂತು ಧಾರಾವಾಹಿ ನೋಡುತ್ತಿದ್ದರು. ಫೆಬ್ರವರಿಯಲ್ಲಿ ಮೂರು ತಿಂಗಳಿಗೆಂದು ಉಡುಪಿಯಿಂದ ಬಂದವರು. ಎರಡು ಸಲ ವಿಮಾನ ರದ್ದಾಯಿತು, ಮೂರನೆಯ ಸಲ ಅತ್ತೆಯೇ ವಿಮಾನವನ್ನು ರದ್ದು ಮಾಡಿದರು. ಪರದೆಯಿಂದ ಕಣ್ಣು ತೆಗೆಯದೆ, "ಹೋಗಲಿ ಬಿಡು. ಸ್ವಲ್ಪ ಗಾಳಿ ಬೇಕು ಅವರಿಗೆ," ಎಂದರು.

ಗಾಳಿ ಸ್ವಲ್ಪವಲ್ಲ, ಯಥೇಚ್ಛವಾಗಿ ಸಿಕ್ಕಿತು. ಒಂದೇ ಕಾರಿನಲ್ಲಿ ಮೂವರು ಕೂರುವುದು ಬೇಡವೆಂದು ಅವರಿಬ್ಬರೂ ತಮ್ಮ ತಮ್ಮ ಕಾರಿನಲ್ಲಿ ಹೋದರು, ನಮ್ಮ ಕಾರು ಅಂದು ವಿನಯಾಳಿಗೆ ಬೇಕಿದ್ದರಿಂದ ನಾನು ಸೈಕಲ್ ತುಳಿದೆ. ಬಯಲಿನಲ್ಲಿ ಹನ್ನೆರಡು ಕಿಲೋಮೀಟರ್ ಎದುರುಗಾಳಿ. ತಲುಪುವಾಗ ಬನಿಯನ್ ಬೆವರಿನಿಂದ ತೊಯ್ದುಹೋಗಿತ್ತು. ಹೆಂಕ್ ನನ್ನ ಹಳದಿ ಜಾಕೆಟ್ ನೋಡಿ ಕಣ್ಣು ಮುಚ್ಚಿಕೊಂಡರು. "ಇದು ಬೆಲ್ಜಿಯಮ್ಮಿನವರೆಗೆ ಕಾಣುತ್ತದೆ," ಎಂದು ಕಾರಿನಲ್ಲಿದ್ದ ತಮ್ಮ ಹೆಂಡತಿಯ ಕಂದು ಕೋಟನ್ನು ಕೊಟ್ಟರು. ತೋಳು ನನ್ನ ಮೊಣಕೈಗೆ ಮುಗಿಯುತ್ತಿತ್ತು.

ಹುಲ್ಲಿನ ಮೇಲೆ ಇಪ್ಪತ್ತು ಪ್ಲಾಸ್ಟಿಕ್ ಹೆಬ್ಬಾತುಗಳನ್ನು ನಿಲ್ಲಿಸಿ, ಕಾಲುವೆಯ ಬದಿಯ ಜೊಂಡಿನೊಳಗೆ ಮೂವರೂ ದೂರದೂರ ಮಲಗಿದೆವು. ಒಂದು ಗಂಟೆ ಏನೂ ಇಲ್ಲ. ಎರಡನೆಯ ಗಂಟೆಯೂ ಇಲ್ಲ. ಬೆವರು ಮಂಜುಗಡ್ಡೆಯಾಗುವ ಹಂತಕ್ಕೆ ಬಂದಿತ್ತು. ಮನಸ್ಸಿನಲ್ಲೇ ಥಿಯೋ ಪರವಾಗಿ ತೀರ್ಪು ಬರೆಯತೊಡಗಿದ್ದೆ. ಆಗ ಅವು ಬಂದವು.

ಮೊದಲು ಸದ್ದು. ದೂರದ ಜಾತ್ರೆಯಂಥ ಗಲಾಟೆ ಹತ್ತಿರವಾಗುತ್ತ ಬಂದು, ಬೂದು ಆಕಾಶದಿಂದ ಐವತ್ತು ಅರವತ್ತು ಹಕ್ಕಿಗಳು ರೆಕ್ಕೆ ಬಾಗಿಸಿ ನೇರ ನಮ್ಮ ಕಡೆಗೆ ಇಳಿಯತೊಡಗಿದವು. ನಾನು ಉಸಿರು ಬಿಗಿಹಿಡಿದೆ. ಹೆಂಕ್ ಮುಖದಲ್ಲಿ ಚಿಕ್ಕ ಮಕ್ಕಳ ಸಂತೋಷ. ಥಿಯೋ ಕೂಡ ಬಾಯಿ ತೆರೆದು ಮೇಲೆ ನೋಡುತ್ತಿದ್ದರು. ಇಷ್ಟು ಚೆಂದದ್ದನ್ನು ನಾನು ಆ ವರ್ಷ ನೋಡಿರಲಿಲ್ಲ.

ನಾನು ಸೀನಿದೆ.

ಸಣ್ಣ ಸೀನಲ್ಲ. ಎರಡು ಗಂಟೆಯ ಚಳಿಯನ್ನೆಲ್ಲ ಒಟ್ಟುಗೂಡಿಸಿಕೊಂಡು ಬಂದ ಸೀನು. ಆ ವರ್ಷ ಸೀನು ಎಂದರೆ ಬರೀ ಸೀನೂ ಅಲ್ಲ. ಹಕ್ಕಿಗಳು ಮೇಲಕ್ಕೆ ಹಾರಿದವು. ಅವುಗಳಿಗಿಂತ ವೇಗವಾಗಿ ಥಿಯೋ ಹಾರಿದರು. ಎಪ್ಪತ್ತು ವರ್ಷದ ಮನುಷ್ಯ ಕಾಲುವೆಯನ್ನು ಒಂದೇ ನೆಗೆತಕ್ಕೆ ದಾಟಿ ಆಚೆ ದಡದಲ್ಲಿ ನಿಂತಿದ್ದರು. ಹೆಂಕ್ ಮಾತ್ರ ಹೇಗೋ ಒಂದು ಸಲ ಕೋವಿ ಹಾರಿಸಿ, ಹಿಂದೆ ಉಳಿದಿದ್ದ ಒಂದು ಹೆಬ್ಬಾತನ್ನು ಬೀಳಿಸಿದರು.

"ಜ್ವರ ಇದೆಯಾ?" ಥಿಯೋ ಆಚೆಯಿಂದ ಕೇಳಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. "ನನ್ನ ಹೆಂಡತಿಗೆ ಶ್ವಾಸಕೋಶ ಸರಿಯಿಲ್ಲ."

ನನಗೆ ಅದು ಗೊತ್ತಿರಲಿಲ್ಲ. ಸಿದ್ಧಮಾಡಿಕೊಂಡಿದ್ದ ತಮಾಷೆಯನ್ನು ಬಿಟ್ಟು, ಇವತ್ತೇ ಪರೀಕ್ಷೆ ಮಾಡಿಸುತ್ತೇನೆ ಎಂದೆ.

ಅಂದೇ ಮಧ್ಯಾಹ್ನ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಬಂದೆ. ಫಲಿತಾಂಶ ಬರುವ ತನಕ ಎರಡು ದಿನ ಥಿಯೋ ಮನೆಯೊಳಗೆ ಹೋಗಲಿಲ್ಲ. ಮನೆ ಮುಂದೆ ನಿಲ್ಲಿಸಿದ್ದ ಕ್ಯಾರವಾನಿನಲ್ಲಿ ಮಲಗಿದರು. ಅವರ ಹೆಂಡತಿ ಸೂಪಿನ ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು ಒಳಗೆ ಹೋಗುತ್ತಿದ್ದರಂತೆ. ಇದನ್ನು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ. ಸೋಮವಾರ ಮೊಬೈಲಿನಲ್ಲಿ 'ಸೋಂಕಿಲ್ಲ' ಎಂದು ಕಂಡಾಗ ಎಸ್ಸೆಸ್ಸೆಲ್ಸಿ ಪಾಸಾದಾಗಲೂ ಆಗದ ಸಂತೋಷವಾಯಿತು.

ಸಂತೋಷದಲ್ಲಿ ನಾನು ಸುಮ್ಮನಿರುವುದಿಲ್ಲ. ಪ್ರಾಯಶ್ಚಿತ್ತವಾಗಿ ಆ ಹೆಬ್ಬಾತನ್ನು ನಾನೇ ಅಡುಗೆ ಮಾಡಿ ಇಬ್ಬರಿಗೂ ಬಡಿಸುವುದಾಗಿ ಘೋಷಿಸಿದೆ. "ಎದೆಯ ಮಾಂಸ ಮಾತ್ರ ತೆಗೆದು ಉಳಿದದ್ದು ಬಿಡು, ಎಲ್ಲರೂ ಹಾಗೇ ಮಾಡುವುದು," ಎಂದರು ಹೆಂಕ್. "ನಮ್ಮಲ್ಲಿ ಹಾಗೆ ವ್ಯರ್ಥ ಮಾಡುವ ಪದ್ಧತಿ ಇಲ್ಲ," ಎಂದೆ. ಜೀವಮಾನದಲ್ಲಿ ಒಂದು ಕೋಳಿಯ ಪುಕ್ಕವನ್ನೂ ನಾನು ಕಿತ್ತವನಲ್ಲ.

"ಬಿಸಿನೀರಲ್ಲಿ ಅದ್ದಿ ಕೀಳಿ," ಎಂದರು ಅತ್ತೆ. ನಾನು ಅದಕ್ಕಿಂತ ವೈಜ್ಞಾನಿಕ ಮಾರ್ಗ ಕಂಡುಹಿಡಿದಿದ್ದೆ. ಹಿತ್ತಲಿನಲ್ಲಿ ಕೂತು ಒಣ ಪುಕ್ಕವನ್ನು ಒಂದಿಷ್ಟು ಕಿತ್ತು, ಒಳಗಿನ ಮೆತ್ತನೆ ತುಪ್ಪುಳಕ್ಕೆ ವಿನಯಾಳ ಹೇರ್ ಡ್ರೈಯರ್ ಹಿಡಿದೆ. ತುಪ್ಪುಳ ಎದ್ದಿತು. ಕಿತ್ತು ರಾಶಿ ಹಾಕಿದ್ದೂ ಎದ್ದಿತು. ಬೇಲಿ ದಾಟಿತು. ನಾಲ್ಕು ಮನೆಗಳ ಒದ್ದೆ ಪೊದೆಗಳ ಮೇಲೆ ಶಾಂತವಾಗಿ ಕೂತಿತು. ಆಫೀಸಿನ ಮೀಟಿಂಗನ್ನು ಕಿವಿಯಲ್ಲಿ ಸಿಕ್ಕಿಸಿಕೊಂಡೇ ಸಂಜೆಯವರೆಗೆ ನೆರೆಯವರ ಬೇಲಿಗಳಿಂದ ಒಂದೊಂದಾಗಿ ಹೆಕ್ಕಿದೆ. ಮೂರನೆಯ ಮನೆಯ ಮುದುಕಿ ಕಿಟಕಿಯಿಂದ ಬಹಳ ಹೊತ್ತು ನೋಡಿ, ಕಡೆಗೆ ಪರದೆ ಎಳೆದುಕೊಂಡಳು.

ಉಳಿದದ್ದನ್ನು ಅತ್ತೆ ಬಿಸಿನೀರಿನಲ್ಲಿ ಹತ್ತೇ ನಿಮಿಷದಲ್ಲಿ ಮುಗಿಸಿದರು.

"ಒಳಗೆ ಗುಂಡು ಇರ್ತದೆ ಅಲ್ವಾ? ಬೆರಳು ಹಾಕಿ ಸರಿಯಾಗಿ ಹುಡುಕಿ ಆಯ್ತಾ," ಎಂದರು.

ಒಂದೇ ಸಲಕ್ಕೆ ಚದುರಿ ಸಿಡಿಯುವ ಸಣ್ಣ ಗುಂಡುಗಳಲ್ಲಿ ನಾಲ್ಕನ್ನು ನಾನು ಹುಡುಕಿ ತೆಗೆದೆ. ಐದನೆಯದು ಇಲ್ಲವೆಂದು ತೀರ್ಮಾನಿಸಿದೆ.

ಊರಿನ ಮಾಂಸದ ಪಲ್ಯ ಸುಕ್ಕಕ್ಕೆಂದು ಅತ್ತೆ ಮಸಾಲೆ ಹುರಿದರು, ತೆಂಗಿನತುರಿ ಸೇರಿಸಿದರು. ಕುಕ್ಕರು ಹನ್ನೊಂದು ಸಲ ಕೂಗಿತು. ಬುಧವಾರ ಮಧ್ಯಾಹ್ನ ನಮ್ಮ ಹಿತ್ತಲಿನಲ್ಲಿ ಕೋಟು ಟೋಪಿ ಹಾಕಿಕೊಂಡು, ದೂರದೂರ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಊಟ ಶುರುವಾಯಿತು. ಮಾರ್ಚಿನ ನಂತರ ಹೊರಗಿನವರ ಕೈಯ ಊಟ ಇದೇ ಮೊದಲು ಎಂದರು ಥಿಯೋ. ಒಂದು ತುತ್ತು ಸುಕ್ಕ ಬಾಯಿಗಿಟ್ಟರು. ಇನ್ನೊಂದು ತುತ್ತು. ಕಣ್ಣಲ್ಲಿ ನೀರು. ಅದು ಖಾರಕ್ಕೆ ಎಂದು ಆಮೇಲೆ ಹೇಳಿದರು.

"ಲೆಕ್ಕರ್," ಎಂದರು. ರುಚಿಯಾಗಿದೆ ಎನ್ನಲು ಇಲ್ಲಿಯವರು ಹೇಳುವ ಮಾತು. ಹೆಂಕ್ ಚಮಚ ಕೆಳಗಿಟ್ಟರು.

"ಹೆಂಕ್," ಥಿಯೋ ಮುಂದುವರಿಸಿದರು, "ಮೂವತ್ತು ವರ್ಷ ನಾನು ಹೇಳಿದ್ದು ಬಹುಶಃ…"

ಕಟ್ ಎಂದಿತು. ಹಿತ್ತಲಿಗೆಲ್ಲ ಕೇಳಿಸಿತು.

ಐದನೆಯದು ಇತ್ತು. ಇಲ್ಲಿ ಸೀಸದ ಗುಂಡಿಗೆ ನಿಷೇಧ, ಉಕ್ಕಿನದೇ ಹಾಕಬೇಕು. ಉಕ್ಕು ಹಲ್ಲಿಗೆ ಸೋಲುವುದಿಲ್ಲ. ಥಿಯೋ ಅಂಗೈಗೆ ಮೊದಲು ಗುಂಡನ್ನು, ಆಮೇಲೆ ಅರ್ಧ ದವಡೆ ಹಲ್ಲನ್ನು ಉಗುಳಿ, ಎರಡನ್ನೂ ಬಹಳ ಹೊತ್ತು ನೋಡಿದರು. ಶುರುಮಾಡಿದ ವಾಕ್ಯವನ್ನು ಅವರು ಇವತ್ತಿಗೂ ಮುಗಿಸಿಲ್ಲ.

ಅಷ್ಟಾದರೂ ತಟ್ಟೆ ಖಾಲಿ ಮಾಡಿದರು, ಇನ್ನೊಂದು ಬದಿಯ ಹಲ್ಲಿನಿಂದ. ಹೊರಡುವಾಗ ಇಬ್ಬರೂ ಗೇಟಿನ ಹತ್ತಿರ ನಿಂತು ಏನೋ ಪಿಸುಗುಟ್ಟಿಕೊಂಡು ಹಿಂತಿರುಗಿದರು. ಒಂದು ವಿಷಯದಲ್ಲಿ ತಮಗೆ ಕೊನೆಗೂ ಒಮ್ಮತ ಬಂದಿದೆ ಎಂದರು ಹೆಂಕ್. ಬೇಟೆಯಿಂದ ಪ್ರಯೋಜನ ಇದೆಯೋ ಇಲ್ಲವೋ, ನನ್ನನ್ನು ಕರೆದುಕೊಂಡು ಹೋಗುವುದರಿಂದ ಖಂಡಿತ ಇಲ್ಲ.

ಮುಂದಿನ ಶನಿವಾರ ಅವರ ಜೊತೆ ಹೋದವರು ಅತ್ತೆ. ವಿನಯಾ ಕಾರಿನಲ್ಲಿ ಬಿಟ್ಟು ಬಂದಳು. ಜೊಂಡಿನಲ್ಲಿ ಮೂರು ಗಂಟೆ ಅಲುಗಾಡದೆ, ಕೆಮ್ಮದೆ, ಸೀನದೆ ಮಲಗಿದ್ದರಂತೆ. ಇಂಥ ತಾಳ್ಮೆಯನ್ನು ತಾವು ಬೇಟೆನಾಯಿಗಳಲ್ಲೂ ಕಂಡಿಲ್ಲ ಎಂದು ಹೆಂಕ್ ನನಗೆ ಹೇಳಿದರು. ಅದನ್ನು ನಾನು ಅತ್ತೆಗೆ ಅನುವಾದಿಸಲಿಲ್ಲ. ಎರಡು ಹೆಬ್ಬಾತು ಬಂದವು.

ಅವುಗಳ ಪುಕ್ಕ ಕೀಳುವ ಕೆಲಸಕ್ಕೆ ಮನೆಯಲ್ಲಿ ನನ್ನನ್ನು ನೇಮಿಸಲಾಯಿತು. ಅದೂ ಅತ್ತೆ ಪಕ್ಕದಲ್ಲಿ ಕೂತು ನೋಡಿಕೊಳ್ಳುತ್ತಾರೆ ಎಂಬ ಷರತ್ತಿನ ಮೇಲೆ.