ಕಂಪನಿಯ ಕಾಗದ ಮತ್ತು ಮಾವನ ದನಿ

ನನ್ನ ಫೋನಿಗೆ ಬಂದು ಬೀಳುವ ನೂರಾರು ಸಂದೇಶಗಳಲ್ಲಿ ನಾನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುವುದು ಒಂದನ್ನೇ ಎಂದು ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯಾಗುತ್ತದೆ. ಅಕ್ಕ ಕಳಿಸಿದ ಕೂಸಿನ ಫೋಟೊ ಎರಡು ದಿನ ತೆರೆಯದೆ ಬಿದ್ದಿರುತ್ತದೆ. ಬಂಧುಗಳ ಮದುವೆ ಪತ್ರಿಕೆಯನ್ನು ಮದುವೆಯ ಊಟ ಮುಗಿದ ಮೇಲೆ ನೋಡಿದ್ದೂ ಉಂಟು. ಆದರೆ ಫೋನುಗಳಿಗೆ ಜೀವ ತುಂಬುವ ಆ ಬಹುದೊಡ್ಡ ಕಂಪನಿ, ಆಪ್ ಬರೆಯುವ ನನ್ನಂಥವರಿಗಾಗಿ ಕಳಿಸುವ ‘ಡೆವಲಪರ್ ಸಮಾಚಾರ’ ಬಂತೆಂದರೆ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿರುವಂತೆಯೇ ಓದಿ ಮುಗಿಸುತ್ತೇನೆ. ವರ್ಷಗಟ್ಟಲೆ ಓದಿ ಅದರ ಭಾಷೆಯೂ ನನಗೆ ಕರಗತವಾಗಿದೆ. ‘ಈ ವಿಷಯ ಹಂಚಿಕೊಳ್ಳಲು ನಮಗೆ ಅತೀವ ಸಂತೋಷವಾಗುತ್ತಿದೆ’ ಎಂದು ಅವರು ಬರೆದರೆ ನಮ್ಮ ಮನೆಯಲ್ಲಿ ಸರಿಯಾಗಿ ನಡೆಯುತ್ತಿದ್ದ ಯಾವುದೋ ಒಂದು ಮುಂದಿನ ತಿಂಗಳಿಂದ ನಡೆಯುವುದಿಲ್ಲ ಎಂದರ್ಥ. ‘ನಿಮ್ಮ ಅನುಕೂಲಕ್ಕಾಗಿ’ ಎಂದಿದ್ದರೆ ಕೆಲಸ ಹೆಚ್ಚಿತು ಎಂದರ್ಥ. ‘ಹೆಚ್ಚಿನ ಮಾಹಿತಿಗೆ ಇಲ್ಲಿ ಒತ್ತಿ’ ಎಂದಿರುವಲ್ಲಿ ಒತ್ತಿದರೆ ಇನ್ನೊಂದು ಪುಟ, ಅಲ್ಲಿ ಒತ್ತಿದರೆ ಮತ್ತೊಂದು ಪುಟ. ಕೊನೆಗೆ ಹೊರಟಲ್ಲಿಗೇ ಬಂದು ನಿಲ್ಲುತ್ತೀರಿ, ಆದರೆ ಊಟದ ಹೊತ್ತು ದಾಟಿರುತ್ತದೆ.

ಇದನ್ನು ನಾನೊಬ್ಬನೇ ಓದಿ ಸುಮ್ಮನಿದ್ದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಶಹಾಪುರದಲ್ಲಿ ನಾನು ಪಾಠ ಹೇಳುವ ಕಂಪ್ಯೂಟರ್ ಕ್ಲಾಸಿನ ಕೆಳಗೆ ಖಾಜಾಸಾಬರ ಚಹಾದಂಗಡಿ ಇದೆ. ಅಲ್ಲಿ ನಿಂತು ದಿನವೂ ಸಮಾಚಾರವನ್ನು ಕನ್ನಡ ಮಾಡಿ ಗಟ್ಟಿಯಾಗಿ ಓದುತ್ತೇನೆ, ಅದೂ ಬೇರೆಯವರ ದನಿಯಲ್ಲಿ. ಒಂದು ದಿನ ಯಾದಗಿರಿ ಸ್ಟೇಷನ್ನಿನ ಘೋಷಣೆಯ ಹೆಂಗಸಿನ ದನಿ: “ಪ್ರಯಾಣಿಕರ ಗಮನಕ್ಕೆ, ಹಳೆಯ ಆವೃತ್ತಿಯ ಆಪುಗಳು ಅನಿರ್ದಿಷ್ಟ ಕಾಲ ತಡವಾಗಿ ಚಲಿಸುತ್ತಿವೆ.” ಮರುದಿನ ಸುರಪುರ ಬಸ್ಸಿನ ಕಂಡಕ್ಟರನ ದನಿ: “ಹಳೇ ವರ್ಷನ್ನಿನವ್ರು ಇಳೀರಿ, ಇಳೀರಿ, ಬಾಗಲದಾಗ ನಿಂದ್ರಬ್ಯಾಡ್ರಿ.” ಚಿಕ್ಕಂದಿನಿಂದಲೂ ನನಗೆ ಈ ರೋಗ. ಯಾರ ದನಿ ಕಿವಿಗೆ ಬಿದ್ದರೂ ಮರುಕ್ಷಣ ಅದು ನನ್ನ ಬಾಯಿಂದ ಹೊರಬರುತ್ತದೆ. ಹೆಡ್‌ಮಾಸ್ತರರ ದನಿಯಲ್ಲಿ ಶಾಲೆಗೆ ಅರ್ಧ ದಿನ ರಜೆ ಕೊಟ್ಟು, ಉಳಿದರ್ಧ ದಿನ ಹೆಡ್‌ಮಾಸ್ತರರಿಂದಲೇ ಒದೆ ತಿಂದವನು ನಾನು.

ಇಷ್ಟೆಲ್ಲ ಸಮಾಚಾರ ಓದುವ ಈ ಡೆವಲಪರ್ ಮಹಾಶಯ ಎಷ್ಟು ಆಪ್ ಮಾಡಿ ಕಂಪನಿಯ ಅಂಗಡಿಯಲ್ಲಿ ಇಟ್ಟಿದ್ದಾನೆ ಎಂದು ನೀವು ಕೇಳಬಾರದು. ಕೇಳಿದರೆ, ಒಂದೂ ಇಲ್ಲ. ‘ಭೀಮರಾಯ, ಆಪ್ ಡೆವಲಪರ್’ ಎಂದು ಕಾರ್ಡು ಮಾಡಿಸಿಕೊಂಡಿದ್ದೆ. ಆಪ್ ಮಾಡುವುದೊಂದು ಬಾಕಿಯಿತ್ತು. ಹಾಗಿರುವಾಗ ಒಂದು ಬೆಳಿಗ್ಗೆ ಸಮಾಚಾರದಲ್ಲಿ ಬಂತು: ಹೆಸರು ನೋಂದಾಯಿಸಿ ಒಂದೂ ಆಪ್ ಕೊಡದೆ ಕೂತಿರುವವರ ಖಾತೆಗಳನ್ನು ತಿಂಗಳ ಕೊನೆಗೆ ಮುಚ್ಚಲು ತಮಗೆ ಅತೀವ ಸಂತೋಷವಾಗುತ್ತಿದೆ. ಅಂದು ಚಹಾದಂಗಡಿಯಲ್ಲಿ ನಾನು ಅದನ್ನು ಯಾರ ದನಿಯನ್ನೂ ತೆಗೆಯದೆ ಓದಿದೆ.

“ಇದು ಯಾರ ದನಿ ಸರ?” ಎಂದರು ಖಾಜಾಸಾಬ್.

“ನಂದಾ.”

“ಇದು ಅಷ್ಟೇನ್ ಚಲೋ ಬಂದಿಲ್ಲ ಬಿಡ್ರಿ.”

ಅದೇ ವಾರ ಹತ್ತಿರದ ಸಗರದಲ್ಲಿ ನನ್ನ ಸೋದರಮಾವ ಮಾಳಪ್ಪನ ಗಂಟಲು ಕೈಕೊಟ್ಟಿತು. ಮಾವನದು ಕುರಿ ಕಾಯುವ ಬದುಕು. ಸಂಜೆ ಹೊಲದ ಬದುವಿನ ಮೇಲೆ ನಿಂತು ಒಮ್ಮೆ ‘ಹುರ್ರ್ರ್ಯೋ’ ಎಂದರೆ ಚದುರಿದ ಕುರಿಗಳೆಲ್ಲ ತಲೆಯೆತ್ತಿ ಹಟ್ಟಿಯ ದಾರಿ ಹಿಡಿಯುತ್ತಿದ್ದವು. ಎಷ್ಟೋ ವರ್ಷ ಹಾಗೆ ಕೂಗಿ ಕೂಗಿ ಗಂಟಲಲ್ಲಿ ಗಂಟಾಗಿ, ಡಾಕ್ಟರು ಅದನ್ನು ತೆಗೆದು, ಎರಡು ತಿಂಗಳು ತುಟಿ ಬಿಚ್ಚಬಾರದು, ಪಿಸುಮಾತೂ ಕೂಡದು ಎಂದು ಹೇಳಿ ಕಳಿಸಿದರು. ನೋಡಲು ಹೋದಾಗ ಮಾವ ಹಟ್ಟಿಯ ಮುಂದಿನ ಕಲ್ಲಿನ ಮೇಲೆ ಕೋಲು ಹಿಡಿದು ಕೂತಿದ್ದ. ಒಮ್ಮೆ ಕುಟ್ಟಿದರೆ ನೀರು, ಎರಡು ಸಲ ಕುಟ್ಟಿದರೆ ಚಹಾ, ಬಿಡದೆ ಕುಟ್ಟಿದರೆ ನನ್ನ ಮೇಲೆ ಸಿಟ್ಟು. ನಾನು ಅಂಗಳಕ್ಕೆ ಕಾಲಿಟ್ಟಾಗ ಬಿಡದೆ ಕುಟ್ಟಿದ.

“ಸಿಟ್ಟು ಯಾಕಂತ ನಿನಗ ಗೊತ್ತದಲ್ಲ,” ಎಂದಳು ನಿಂಗಮ್ಮ ಅತ್ತೆ. ಗೊತ್ತಿತ್ತು. ಕುರಿಗಳ ಉಣ್ಣೆ ಕತ್ತರಿಸಲು ಬರುತ್ತೇನೆಂದು ಮಾತು ಕೊಟ್ಟು ಬಂದಿರಲಿಲ್ಲ. ನಾನು ಜಾಣತನದಿಂದ ಕುರಿಗಳ ಕ್ಷೇಮ ಕೇಳಿದೆ. ಅತ್ತೆ ಹಣೆ ಬಡಿದುಕೊಂಡಳು. “ಏನ್ ಕೇಳ್ತಿ ಭೀಮ್ಯಾ. ಸಂಜಿ ಆದ್ರ ನಾ ಕರದಾಗ ನಾಯಿ ಒಂದ ಬರ್ತದ. ಕುರಿ ಹೊಳ್ಳಿನೂ ನೋಡಂಗಿಲ್ಲ. ಬಾಜೂ ಹೊಲ ಶರಣಪ್ಪಂದು, ಹತ್ತಿ ಎಳೀದದ. ಎರಡು ಸಲ ಒಳಗ ಹೊಕ್ಕಾವ. ಮೂರನೇ ಸಲ ಹೊಕ್ರ ಕುರಿ ಕಟ್ಟಿ ಹಾಕ್ತೀನಿ, ಪಂಚಾಯ್ತಿಗೆ ಬರ್ರಿ ಅಂದಾನ. ಇವ್ರಿಗೆ ಬಾಯಿಲ್ಲ. ಪಂಚಾಯ್ತಿಯಾಗ ಕೋಲು ಕುಟ್ಟಬೇಕೇನು?”

ಅಲ್ಲೇ ನನಗೆ ಹೊಳೆದದ್ದು. ಮಾವನ ಕೂಗು ಹೊರಡಿಸುವ ಒಂದು ಆಪ್. ಒಂದೇ ಗುಂಡಿ, ಒತ್ತಿದರೆ ‘ಹುರ್ರ್ರ್ಯೋ’. ಅತ್ತೆಗೆ ಕುರಿ ಬರುತ್ತವೆ, ನನಗೆ ಖಾತೆ ಉಳಿಯುತ್ತದೆ. ಕೂಗಿಗೆ ಮಾವನ ಬಾಯಿ ಬೇಡವೇ ಎಂದರೆ, ಭೀಮರಾಯ ಇರುವಾಗ ಮಾವನ ಬಾಯಿ ಯಾಕೆ? ಅತ್ತೆ ಒಳಗೆ ರೊಟ್ಟಿ ಬಡಿಯುತ್ತಿದ್ದಾಗ ಅಂಗಳದಲ್ಲಿ ನಿಂತು ಮಾವನ ದನಿಯಲ್ಲಿ “ನಿಂಗೀ, ನೀರು ತಾ” ಎಂದೆ. ಅತ್ತೆ ಹಿಟ್ಟಿನ ಕೈಯಲ್ಲೇ ತಂಬಿಗೆ ಹಿಡಿದು ಓಡಿಬಂದು, “ಮಾತಾಡಬ್ಯಾಡ ಅಂದಾರಲ್ರಿ ಡಾಕ್ಟರು” ಎಂದು ಮಾವನಿಗೆ ಗದರಿದಳು. ಮಾವ ಕೋಲಿನಿಂದ ನನ್ನ ಕಡೆ ತೋರಿಸಿದ. ಇಷ್ಟು ಸಾಕಾಯಿತು ನನಗೆ. ಕಟ್ಟಿಕೊಂಡ ಹೆಂಡತಿಯೇ ಮೋಸ ಹೋದಳೆಂದ ಮೇಲೆ ಕುರಿ ಯಾವ ಲೆಕ್ಕ?

ಮೂರು ದಿನದಲ್ಲಿ ಆಪ್ ಸಿದ್ಧವಾಯಿತು. ‘ಹಟ್ಟಿಗೆ ಬಾ’ ಎಂದು ಹೆಸರಿಟ್ಟು ಕಂಪನಿಗೆ ಕಳಿಸಿದೆ. ಅಂಗಡಿಗೆ ಬರುವ ಪ್ರತಿ ಆಪನ್ನೂ ಅವರ ಪರೀಕ್ಷಕರು ತೂಗಿ ನೋಡುತ್ತಾರೆ. ನನ್ನ ಪರೀಕ್ಷಕ ಅದನ್ನು ಎಲ್ಲಿ ಕೂತು ಒತ್ತಿದನೋ, ಪಕ್ಕದ ಮೇಜಿನವರು ಏನೆಂದುಕೊಂಡರೋ. ಬಹಳ ಮರ್ಯಾದೆಯಿಂದ ಬರೆದಿದ್ದ: ‘ನಿಮ್ಮ ಆಪಿನ ಗುಂಡಿ ಒತ್ತಿದೆವು. ಒಬ್ಬ ಮನುಷ್ಯ ಕೂಗಿದ. ಆಮೇಲೆ ಏನೂ ಆಗಲಿಲ್ಲ. ಇದರಿಂದ ಬಳಕೆದಾರರಿಗೆ ಏನು ಪ್ರಯೋಜನ ಎಂಬುದನ್ನು ವೀಡಿಯೊ ಮೂಲಕ ತೋರಿಸಿ.’ ಪಾಪ, ಅವನ ಆಫೀಸಿನಲ್ಲಿ ಕುರಿಗಳಿರಲಿಲ್ಲ. ತೋರಿಸೋಣ ಎಂದು ಮರುದಿನ ಮಧ್ಯಾಹ್ನವೇ ಸಗರದ ಬಸ್ಸು ಹತ್ತಿದೆ. ತಿಂಗಳು ಮುಗಿಯಲು ನಾಲ್ಕು ದಿನ ಉಳಿದಿತ್ತು.

ಸಂಜೆ ಎಲ್ಲರೂ ಬದುವಿನ ಮೇಲೆ ನಿಂತೆವು. ವೀಡಿಯೊ ಹಿಡಿಯಲು ಅತ್ತೆ, ನೋಡಲು ಕೋಲೂರಿದ ಮಾವ, ತನ್ನ ಹತ್ತಿಗೆ ಕಾವಲಾಗಿ ಬೇಲಿಯಾಚೆ ಶರಣಪ್ಪ. ನನ್ನ ಫೋನಿಗೆ ಸ್ಪೀಕರ್ ಸಿಕ್ಕಿಸಿ ಗುಂಡಿ ಒತ್ತಿದೆ. ‘ಹುರ್ರ್ರ್ಯೋ’ ಹೊಲದ ತುಂಬ ಹರಡಿತು. ನಾನೇ ಕೂಗಿದ್ದಾದರೂ ನನಗೇ ಮೈ ಜುಂ ಎಂದಿತು, ಅಷ್ಟು ಬರೋಬರಿ ಬಂದಿತ್ತು. ಮುಂದಾಳು ಮುದಿ ಕುರಿ ತಲೆಯೆತ್ತಿತು. ಸ್ಪೀಕರನ್ನು ನೋಡಿತು, ನನ್ನನ್ನು ನೋಡಿತು. ಆಮೇಲೆ ನಿಧಾನವಾಗಿ ತಿರುಗಿ ನನಗೆ ಬೆನ್ನು ತೋರಿಸಿ ಶರಣಪ್ಪನ ಹತ್ತಿಯ ಕಡೆ ಹೆಜ್ಜೆ ಹಾಕಿತು. ಉಳಿದವೂ ಅದರ ಹಿಂದೆ ಹೊರಟವು.

“ಏನಪ್ಪಾ ಭೀಮರಾಯ,” ಎಂದ ಶರಣಪ್ಪ, “ನಿನ್ನ ಆಪು ನನ್ನ ಹೊಲಕ್ಕ ದಾರಿ ತೋರ್ಸ್ತದೇನು?”

ಮತ್ತೆ ಒತ್ತಿದೆ, ದನಿ ಏರಿಸಿದೆ, ಕೊನೆಗೆ ಫೋನು ಬಿಟ್ಟು ಬಾಯಿಂದಲೇ ಕೂಗಿದೆ. ನಾಯಿ ಬಂತು. ಶರಣಪ್ಪ ಕೈಯಲ್ಲಿ ಹಗ್ಗ ಹಿಡಿದು ಕುರಿಗಳ ಕಡೆ ಹೊರಟ. ಮಾವ ಬಾಯಿ ತೆರೆದು, ಡಾಕ್ಟರ ನೆನಪಾಗಿ, ಮತ್ತೆ ಮುಚ್ಚಿಕೊಂಡ. ಅವನ ಮುಖ ನೋಡಲಾಗಲಿಲ್ಲ. ಒಂದು ಕೂಗು ಕೂಗಿಬಿಟ್ಟರೆ ಕುರಿ ಉಳಿಯುತ್ತವೆ, ಗಂಟಲು ಹೋಗುತ್ತದೆ.

“ನೀವು ಬಾಯಿ ತೆಗದ್ರ ನನ್ನಾಣಿ,” ಎಂದು ಮಾವನನ್ನು ತಡೆದ ಅತ್ತೆ, ನನ್ನ ಕಡೆ ತಿರುಗಿದಳು. “ಭೀಮ್ಯಾ, ಆಪರೇಷನ್ನಿಗೆ ಮೊದಲ ನನ್ನ ಫೋನಿನಿಂದ ನಿನಗ ಇವ್ರು ಮಾತು ಕಳಿಸಿದ್ರಲ್ಲ, ಉಣ್ಣಿ ಕತ್ತರ್ಸಾಕ ನೀ ಬರಲಿಲ್ಲಂತ, ಅದರಾಗ ಇವ್ರ ದನಿ ಅದಲ್ಲ. ಹೊಲದಾಗ ನಿಂತ ಮಾತಾಡಿದ್ರು, ಕಡೀಕ ಕುರಿನೂ ಕರದಿದ್ರು. ನನ್ನ ಫೋನಿನಾಗ ಅಳಿಸೇದ. ನಿನ್ನ ಫೋನಿನಾಗ ಇರಬೇಕು. ನೀ ಕೇಳೀ ಇಲ್ಲೋ?”

ಕೇಳಿರಲಿಲ್ಲ. ಮೂರು ನಿಮಿಷದ ಸಂದೇಶ. ಮಾವ ಮೂರು ನಿಮಿಷ ನನ್ನನ್ನು ಹೊಗಳುವುದಿಲ್ಲ ಎಂಬುದು ತಿಳಿದಿದ್ದರಿಂದ ತೆರೆಯದೆ ಬಿಟ್ಟಿದ್ದೆ. ಕಂಪನಿಯ ಕಾಗದವನ್ನು ಅಲ್ಪವಿರಾಮ ಸಹಿತ ಓದುವವನ ಫೋನಿನಲ್ಲಿ ಸ್ವಂತ ಸೋದರಮಾವನ ದನಿ ತಿಂಗಳಿಂದ ಮುಚ್ಚಿದ ಲಕೋಟೆಯ ಹಾಗೆ ಬಿದ್ದಿತ್ತು. ಈಗ ಎಲ್ಲರ ಮುಂದೆ, ಸ್ಪೀಕರಿನಲ್ಲಿ, ಅದನ್ನು ತೆರೆದೆ.

“ಏ ಭೀಮ್ಯಾ,” ಎಂದಿತು ಸ್ಪೀಕರು, “ಎಲ್ಲಿ ಅಡಗೀಯೋ ಹಾಟ್ಯಾ?”

ಮುದಿ ಕುರಿ ಹತ್ತಿ ಗಿಡದ ಬುಡದಲ್ಲಿ ಗಕ್ಕನೆ ನಿಂತಿತು.

“ಬರ್ತೀನಿ ಮಾಮಾ, ಬರ್ತೀನಿ ಮಾಮಾ ಅಂತಂದು ಬಾಯಿಲೆ ಸಗರಕ್ಕ ಮೂರು ಸಲ ಬಂದಿ, ಕಾಲಿಲೆ ಒಮ್ಮಿನೂ ಬಂದಿಲ್ಲ. ಕುರಿ ಮೈಮ್ಯಾಲಿನ ಉಣ್ಣಿ ನಿನ್ನ ಆಪ್ ಬಂದು ಕತ್ತರಸ್ತದೇನು?”

ಕುರಿಗಳು ತಿರುಗಿದವು. “ಊರ ಮಂದಿ ದನಿ ಎಲ್ಲಾ ತೆಗೀತಿ. ನಿನಗ ನಿಂದಂತ ಒಂದು ದನಿ ಅದನೋ ಇಲ್ಲೋ, ಕತ್ತೀ?” ಎನ್ನುವಷ್ಟರಲ್ಲಿ ಅವು ಶರಣಪ್ಪನನ್ನು ಎಡಬಲಕ್ಕೆ ಸವರಿಕೊಂಡು ನಮ್ಮ ಕಡೆ ಓಡಿಬರುತ್ತಿದ್ದವು. ‘ಹುರ್ರ್ರ್ಯೋ’ ಬಂದದ್ದು ಆಮೇಲೆ, ಕೊನೆಯಲ್ಲಿ. ಆಗ ಕುರಿಗಳು ಹಟ್ಟಿಯ ಬಾಗಿಲಲ್ಲಿದ್ದವು. ಅತ್ತೆ ಎಲ್ಲವನ್ನೂ ವೀಡಿಯೊ ಹಿಡಿದಿದ್ದಳು, ನನ್ನ ಮುಖವನ್ನೂ ಸೇರಿಸಿ.

ಇಷ್ಟಕ್ಕೇ ಸೋಲಲು ನಾನು ತಯಾರಿರಲಿಲ್ಲ. ಮರುದಿನ ಬೈಗುಳವನ್ನೆಲ್ಲ ಕತ್ತರಿಸಿ, ಕೊನೆಯ ಕೂಗನ್ನಷ್ಟೇ ಉಳಿಸಿ ಕೇಳಿಸಿದೆ. ಕುರಿಗಳು ತಲೆಯೆತ್ತಿ ಕಾದು ನಿಂತವು, ಮುಂದಿನ ಮಾತಿಗೆ ಎಂಬಂತೆ. ಇಡೀ ಸಂದೇಶ ಹಚ್ಚಿದೆ. “ಏ ಭೀಮ್ಯಾ” ಎಂಬಲ್ಲೇ ಹೊರಟವು.

“ಅದರಾಗ ಏನ್ ಸೋಜಿಗ ಅದ,” ಎಂದಳು ಅತ್ತೆ. “ದಿನಾ ಸಂಜಿ ಮುಂದ ಇವ್ರು ನಿನ್ನ ಬೈಕೋತನ ಕುರಿ ಹೊಡಕೊಂಡು ಬರ್ತಿದ್ರು. ನಿನ್ನ ಹೆಸರು ಬಂತಂದ್ರ ಹಟ್ಟಿಗೆ ಹೋಗೋ ಹೊತ್ತಾತು ಅಂತ ಅವಕ್ಕ ರೂಢಿ ಆಗ್ಯಾದ.”

ಮಾವನ ಭುಜಗಳು ಸದ್ದಿಲ್ಲದೆ ಕುಲುಕುತ್ತಿದ್ದವು. ಡಾಕ್ಟರು ನಗಬಾರದು ಎಂದಿರಲಿಲ್ಲ.

ಹಾಗೆ ಮೂರು ನಿಮಿಷದ ಬೈಗುಳವನ್ನು ಒಂದಕ್ಷರ ಬಿಡದೆ ಆಪಿಗೆ ತುಂಬಿ, ವೀಡಿಯೊ ಸಮೇತ ಮತ್ತೆ ಕಳಿಸಿದೆ. ಕುರಿ ಓಡಿಬರುವುದನ್ನು ಕಂಡು ಪರೀಕ್ಷಕನಿಗೆ ಸಂತೋಷವಾಯಿತು. ಆದರೆ ಮಾತಿನ ಅನುವಾದ ಕೊಡಿ ಎಂದ. ಕೊಟ್ಟೆ. ನಾನೇ ಕೂತು ‘ಕತ್ತೀ’, ಅಂದರೆ ಕತ್ತೆ, ಎಂಬುದಕ್ಕೆ ತಕ್ಕ ಇಂಗ್ಲಿಷ್ ಪದ ಹುಡುಕಿದೆ. ಅದನ್ನೋದಿ ಅವನು ಗಾಬರಿಯಾದ. ಹೆಸರಿಟ್ಟು ಒಬ್ಬ ವ್ಯಕ್ತಿಯನ್ನು ಹೀಗೆ ಅವಮಾನಿಸುವ ಆಪುಗಳಿಗೆ ತಮ್ಮ ಅಂಗಡಿಯಲ್ಲಿ ಜಾಗವಿಲ್ಲ, ಆ ಭೀಮ್ಯಾ ಎಂಬ ದುರದೃಷ್ಟವಂತನ ಲಿಖಿತ ಒಪ್ಪಿಗೆ ಇದ್ದರೆ ಮಾತ್ರ ಪರಿಶೀಲಿಸುತ್ತೇವೆ ಎಂದು ಬರೆದ. ಕ್ಲಾಸಿನ ಮೇಜಿನ ಮೇಲೆ ಬಿಳಿ ಹಾಳೆ ಇಟ್ಟು ಬರೆದೆ: ‘ಬೈಸಿಕೊಂಡ ಭೀಮರಾಯನಾದ ನಾನು, ಡೆವಲಪರ್ ಭೀಮರಾಯನಿಗೆ ಬರೆದುಕೊಡುವುದೇನೆಂದರೆ, ಸದರಿ ಬೈಗುಳಗಳು ನನಗೆ ಸಲ್ಲತಕ್ಕವೇ ಆಗಿದ್ದು, ಅವನ್ನು ಜಗತ್ತಿನ ಯಾವ ದೇಶದಲ್ಲಿ ಯಾರು ಕೇಳಿದರೂ ನನ್ನ ತಕರಾರು ಇರುವುದಿಲ್ಲ.’ ಎರಡೂ ಕಡೆ ನಾನೇ ಸಹಿ ಹಾಕಿದೆ. ಸಾಕ್ಷಿ ಹಾಕಿದ ಖಾಜಾಸಾಬ್, “ಸರ, ಇದು ಮಾತ್ರ ನಿಮ್ಮ ಸ್ವಂತ ದನಿ ಅನಸ್ತದ,” ಎಂದರು. ತಿಂಗಳ ಕೊನೆಯ ದಿನ ಮಧ್ಯಾಹ್ನ ಒಪ್ಪಿಗೆ ಬಂತು. ಖಾತೆ ಉಳಿಯಿತು, ಹತ್ತಿಯೂ ಉಳಿಯಿತು. ಮರ್ಯಾದೆಯ ಮಾತು ಬೇಡ.

ಎರಡು ತಿಂಗಳಾದ ಮೇಲೆ ಮಾವನಿಗೆ ಮಾತಾಡಲು ಅಪ್ಪಣೆ ಸಿಕ್ಕಿತು. ಮೊದಲ ಮಾತು ಏನು ಬರುತ್ತದೋ ಎಂದು ಎಲ್ಲರೂ ಕಾದೆವು. ಗೊಗ್ಗರು ದನಿಯಲ್ಲಿ ಹೇಳಿದ: “ಭೀಮ್ಯಾ, ಅದರಾಗ ನಾಕೈದು ಮಾತು ಬಿಟ್ಟಾವು. ಸೇರಿಸ್ಕೋ.” ಬದುವಿನ ಮೇಲಿದ್ದ ಕುರಿಗಳು ಹಟ್ಟಿಯ ಕಡೆ ಹೊರಟವು. ಇನ್ನೂ ಮಧ್ಯಾಹ್ನವಾಗಿತ್ತು.

ಈಗ ಕೂಗಲು ಬಂದರೂ ಮಾವ ಕೂಗುವುದಿಲ್ಲ. ಬೀಡಿ ಹಚ್ಚಿ ಕೂತು ಗುಂಡಿ ಒತ್ತುತ್ತಾನೆ. ರಾಮಸಮುದ್ರದಲ್ಲಿರುವ ಮಾವನ ಬೀಗರೂ ಆಪ್ ಹಾಕಿಸಿಕೊಂಡಿದ್ದಾರೆ. ಅಲ್ಲಿ ಒಂದು ಕುರಿಯೂ ಬರುವುದಿಲ್ಲವಂತೆ, ಆದರೆ ಮನೆಮಂದಿಯೆಲ್ಲ ಕೂತು ಕೇಳುತ್ತಾರಂತೆ. ನಾನು ಸುಖವಾಗಿಯೇ ಇದ್ದೆ, ಮೊನ್ನೆಯ ಡೆವಲಪರ್ ಸಮಾಚಾರ ಬರುವವರೆಗೆ. ವರ್ಷಕ್ಕೊಮ್ಮೆಯಾದರೂ ಹೊಸದಾಗಿಸದ ಆಪುಗಳನ್ನು ಅಂಗಡಿಯಿಂದ ತೆಗೆದುಹಾಕಲು ಅವರಿಗೆ ಅತೀವ ಸಂತೋಷವಾಗುತ್ತಿದೆ. ಮಾವನಿಗೆ ತಿಳಿಸಿದೆ. “ಅದಕ್ಕೇನು, ಬಾ,” ಎಂದ, ಬಹಳ ಉತ್ಸಾಹದಿಂದ. ಈ ಸಲದ ಉಣ್ಣೆಗೂ ನಾನು ಹೋಗಿರಲಿಲ್ಲವಾದ್ದರಿಂದ ಸರಕಿಗೆ ಕೊರತೆಯಾಗಲಿಲ್ಲ. ಹೊಸ ಬೈಗುಳ ಐದು ನಿಮಿಷ ಬಂದಿದೆ. ಅದನ್ನು ತುಂಬಿ ಕಳಿಸುವ ಮುನ್ನ ಕಂಪನಿಯ ಫಾರಮ್ಮಿನಲ್ಲಿ ‘ಈ ಆವೃತ್ತಿಯಲ್ಲಿ ಹೊಸತೇನು’ ಎಂಬ ಕಡ್ಡಾಯ ಖಾನೆ ಇರುತ್ತದೆ. ಬಹಳ ಯೋಚಿಸಿ, ಯಾರ ದನಿಯನ್ನೂ ತೆಗೆಯದೆ ಬರೆದೆ: ‘ಬೈಗುಳ ಎರಡು ನಿಮಿಷ ಹೆಚ್ಚಿಸಲಾಗಿದೆ. ಡೆವಲಪರನಲ್ಲಿದ್ದ ಹಳೆಯ ದೋಷಗಳು ಹಾಗೆಯೇ ಇವೆ.’