ಹೊಕಾರಕ್ಕೆ ಬಂದ ಬಾಲ

ಅಕ್ಷರಕ್ಕೆ ಬಾಲ ಬರುವುದೂ ಭಗವಂತನ ಇಚ್ಛೆಯಿಂದಲೇ. ಆಂಧ್ರದ ಗಡಿ ಊರಾದ ರಾಯದುರ್ಗದಲ್ಲಿ ಬೋರ್ಡ್ ಬರೆಯುವ ಓಬುಲೇಶ್ ಕುಂಚ ಹಿಡಿದು ಒಂದೊಂದೇ ಕನ್ನಡ ಅಕ್ಷರ ಬರೆದು, ಕಂಪ್ಯೂಟರಿಗೆ ಏರಿಸಿ, 'ಕುಣಿಕುಂಚ' ಎಂಬ ಫಾಂಟ್ ಮಾಡಿದನು. ಅದರಲ್ಲಿ ಕಕಾರ ಸೊಂಟ ತಿರುಗಿಸುತ್ತದೆ, ಮಕಾರ ಕಾಲು ಚಾಚುತ್ತದೆ. ಹೊಕಾರವಂತೂ ಸಂತೋಷ ತಾಳಲಾರದೆ ಬಲಕ್ಕೊಂದು ಬಾಲ ಬೀಸುತ್ತದೆ.

ಜೀನ್ಸ್ ಹೊಲಿಯಲು ಮಡಕಶಿರದಿಂದ ಬಂದು, ಈಗ ಸ್ವಂತ ಮಿಷನ್ ಹಾಕಿದ್ದ ಸುಂಕಲಮ್ಮ ಈ ಫಾಂಟಿನಲ್ಲೇ 'ಹೊಲಿಗೆ ಮನೆ' ಎಂದು ಬೋರ್ಡ್ ಮಾಡಿಸಿದಳು. ಇನ್ನು ಪರವಾನಗಿ ಬರಬೇಕು. ಬರದಿದ್ದರೆ ಕರೆಂಟ್ ಇಲ್ಲ. ಕರೆಂಟ್ ಇಲ್ಲದಿದ್ದರೆ ಆಕೆಯೂ, ಆಕೆಯನ್ನು ನಂಬಿ ಬಂದ ಹೆಂಗಸರೂ ವಾಪಸ್ ಮಡಕಶಿರದ ಬಸ್ಸು ಹತ್ತಬೇಕು.

ತಪಾಸಣೆಗೆ ಪರವಾನಗಿ ಅಧಿಕಾರಿ ಬೊಮ್ಮಯ್ಯನವರು ದಯಮಾಡಿಸಿದರು. ಬೋರ್ಡ್ ಓದಿದರು. ಒಳಗೆ ಬಂದು ಮೂಗರಳಿಸಿ ವಾಸನೆ ನೋಡಿದರು.

"ಹೋಲಿಗೆ ಎಲ್ಲೈತವ್ವಾ?"

"ಹೋಲಿಗೆ ಅಲ್ಲ ಸಾ, ಹೊಲಿಗೆ. ಪ್ಯಾಂಟ್ ಹೊಲಿಯೋದು."

"ಹೊ ಮುಂದ ದೀರ್ಘ ಐತಲ್ಲ?"

"ದೀರ್ಘ ಅಲ್ಲ ಸಾ, ಬಾಲ. ಓಬುಲೇಶಣ್ಣ ಆಟಕ್ಕೆ ಎಳ್ದವ್ನೆ."

"ಕಚೇರಿ ಮುಂದ ಆಟ ಇಲ್ಲವ್ವಾ. ತೆಲುಗಿನಾಗ ಓಲಿಗ, ಕನ್ನಡದಾಗ ಹೋಳಿಗೆ. ನಡುವ ನಿಂತದ್ದು ಹೋಲಿಗೆ. ಗಡಿಯಾಗ ಹಿಂಗ ಇರ್ತೈತಿ."

ಅವರು ನಿಯಮವನ್ನೂ ಓದಿ ಹೇಳಿದರು: ಬೋರ್ಡಿನ ಮೇಲಿರುವುದು ಒಳಗೆ ಇರತಕ್ಕದ್ದು, ಪರವಾನಗಿ ಇಲ್ಲದ ಬೋರ್ಡನ್ನು ತಿದ್ದತಕ್ಕದ್ದಲ್ಲ.

ಸುಂಕಲಮ್ಮ ಓಬುಲೇಶನನ್ನು ಕರೆಸಿದಳು. "ಆ ಬಾಲ ಒಂದಿಷ್ಟು ಕತ್ತರ್ಸಣ್ಣ."

"ಕತ್ತರಿಸಿದ್ರ ಹೊ ಅಳ್ತೈತಕ್ಕಾ!"

"ಕತ್ತರಿಸಾಕ ಪರವಾನಗಿ ಎಲ್ಲೈತಿ?" ಎಂದರು ಬೊಮ್ಮಯ್ಯನವರು.

ಸುಂಕಲಮ್ಮ ಇಷ್ಟದೈವವನ್ನು ನೆನೆದು, ಇಸ್ತ್ರಿ ಮೇಜಿನ ಪಕ್ಕ ಒಲೆ ಹೂಡಿ ಬೇಳೆ ಬೇಯಿಸಿ ಹೋಲಿಗೆ ತಟ್ಟಿದಳು. ಬೊಮ್ಮಯ್ಯನವರು ಒಂದು ಹೋಲಿಗೆ ತಿಂದು "ಹೂರಣ ನಿಯಮಾನುಸಾರ ಐತಿ" ಎಂದರು. ಮೊದಲನೆಯದು ಆಕಸ್ಮಿಕವಲ್ಲವೆಂದು ಖಚಿತಪಡಿಸಿಕೊಳ್ಳಲು ಇನ್ನೊಂದು ತಿಂದರು. ಕಚೇರಿಯ ಉಳಿದವರ ಅಭಿಪ್ರಾಯಕ್ಕಾಗಿ ಮಿಕ್ಕಿದ್ದನ್ನು ಕಟ್ಟಿಸಿಕೊಂಡರು. ಅನ್ನದ ಮೇಲೆ ಇಷ್ಟು ಶ್ರದ್ಧೆ ಇರುವವರು ಈ ಕಾಲದಲ್ಲಿ ಅಪರೂಪ.

ಮರುದಿನ ಪರವಾನಗಿ ಬಂತು, ಜೊತೆಗೆ ಒಂದು ಪ್ರಕಟಣೆಯೂ: "ಸದರಿ ಮನೆಯಿಂದ ಹೊರಬರುವ ಸಮಸ್ತವನ್ನೂ ಹೋಲಿಗೆ ಎಂದೇ ಪರಿಗಣಿಸತಕ್ಕದ್ದು. ಅದರಲ್ಲಿ ಜೇಬುಳ್ಳದ್ದು, ಜೇಬಿಲ್ಲದ್ದು ಎಂದು ಎರಡು ಬಗೆ. ಜೇಬಿಲ್ಲದ್ದನ್ನು ಪ್ರತಿ ಶನಿವಾರ ಬಿಸಿಯಾಗಿ ಕಚೇರಿಗೆ ಸಲ್ಲಿಸತಕ್ಕದ್ದು."

ಕರೆಂಟ್ ಬಂತು. ಮಿಷನ್‌ಗಳು ಗಿರ್ರೆಂದವು. ಹೆಂಗಸರು ಕೈಮುಗಿದು ಕೂತರು. ಪ್ರಕಟಣೆಯನ್ನು ಕುಣಿಕುಂಚದಲ್ಲೇ ಅಚ್ಚು ಹಾಕಿಸಿದ್ದರಿಂದ ಕಚೇರಿಯ ಗೋಡೆಗೂ ಒಂದು ಕಳೆ ಬಂತು.

ಈಗ ಮಡಕಶಿರದ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ "ರಾಯದುರ್ಗದಾಗೆ ಏನಮ್ಮಿ ಕೆಲ್ಸ?" ಎಂದರೆ, ಆ ಹೆಂಗಸರು "ಹೋಲಿಗೆ ಹೊಲಿತೀವಿ" ಎನ್ನುತ್ತಾರೆ. ಕೇಳಿದವರು "ಒಳ್ಳೇದಾಯ್ತು" ಎಂದು ತಲೆಯಾಡಿಸುತ್ತಾರೆ.

ಹಬ್ಬಕ್ಕೆಂದು ನಾನೂ ಒಂದು ಹೋಲಿಗೆ ಕೊಂಡೆ. ಸೊಂಟಕ್ಕೆ ಸರಿಯಾಗಿ ಕೂತಿದೆ. ತುಪ್ಪ ಮಾತ್ರ ಸ್ವಲ್ಪ ಕಡಿಮೆ. ಭಗವಂತ ದೊಡ್ಡವನು.